ಎರಡನೇ ಗಿಟಾರಿಗೆ ಹದಿನಾರೇ ಸ್ವರ

'ಇಬ್ಬರು ಕೂಡಿ ನುಡಿಸಲು ನೂರೊಂದು ಗಿಟಾರ್ ಹಾಡುಗಳು' ಎಂಬ ಪುಸ್ತಕದ ಸಂಪಾದಕರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಹತ್ತು ಬೆರಳುಗಳಿಗೂ, ತಮ್ಮ ಗಿಟಾರಿನ ಆರು ತಂತಿಗಳಿಗೂ ಸಕಲ ಕ್ಷೇಮವನ್ನು ಕೋರುತ್ತಾ, ಕನ್ನಡಕದ ಅಂಗಡಿ ಇಟ್ಟುಕೊಂಡು ನಾಲ್ಕು ಜನರ ಕಣ್ಣು ಪರೀಕ್ಷಿಸಿ ಬದುಕುವ ಸಾಧಾರಣ ಮನುಷ್ಯನಾದ ನಾನು ಈ ಪತ್ರವನ್ನು ಅತ್ಯಂತ ವಿನಯದಿಂದ ಬರೆಯುತ್ತಿದ್ದೇನೆ. ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ಖಾಸಗಿಯಾಗಿ ಬರೆದ ಎರಡು ಪತ್ರಗಳಿಗೂ ತಮ್ಮ ಪ್ರಕಾಶಕರು ಒಂದೇ ಉತ್ತರವನ್ನು ಕಳಿಸಿ, ತಮ್ಮ ಇನ್ನೊಂದು ಕೃತಿಯಾದ 'ಒಬ್ಬರೇ ನುಡಿಸಲು ಇನ್ನೂರು ಹಾಡುಗಳು' ಓದುವಂತೆ ಸಲಹೆ ನೀಡಿದರು. ಆ ಸಲಹೆಯ ಹಿಂದಿರುವ ಜೀವನಾನುಭವಕ್ಕೆ ತಲೆಬಾಗುತ್ತೇನೆ. ಆದರೆ ನನ್ನ ತೊಂದರೆ ಒಬ್ಬನದಲ್ಲ, ಇಬ್ಬರದು.

ಆ ಎರಡನೆಯವರನ್ನು ಮೊದಲು ಪರಿಚಯಿಸುತ್ತೇನೆ. ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಲಿಫ್ಟ್ ರಿಪೇರಿ ಮಾಡುವವರು. ಹೆಂಡತಿ ಕರೆಯುವಂತೆ ನಾನೂ ಅವರನ್ನು ಭಾವ ಎಂದೇ ಕರೆಯುತ್ತೇನೆ. ನಮ್ಮಿಬ್ಬರಿಗೂ ಹರೆಯದಿಂದ ಗಿಟಾರಿನ ಹುಚ್ಚು. ಅದೇ ಕಾರಣಕ್ಕೆ ನಾವು ಆಪ್ತರಾದೆವು, ಅದೇ ಕಾರಣಕ್ಕೆ ಎಣ್ಣೆ ಸೀಗೆಕಾಯಿಯೂ ಆದೆವು. ಮೂರು ವರ್ಷದ ಹಿಂದೆ ಒಂದು ಭಾನುವಾರ ಅವರ ಮನೆಯ ಹಜಾರದಲ್ಲಿ, ಬಂಧುಗಳೆಲ್ಲ ಕೂತಿರುವಾಗ, ನಾನು ಎರಡು ಹಾಡು ನುಡಿಸಿ ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಭಾವ ಎದ್ದು ಬಂದು, "ಶ್ರುತಿ ಸರಿ ಇಲ್ಲ, ಕೊಡಿ ಇಲ್ಲಿ" ಎಂದು ನನ್ನ ಮಡಿಲಿನಿಂದಲೇ ಗಿಟಾರ್ ಎತ್ತಿಕೊಂಡು, ಅದರ ಬಿರಡೆ ತಿರುಚಿ, ಮೊದಲ ತಂತಿಯನ್ನು ಟಪ್ಪನೆ ಹರಿದುಹಾಕಿದರು. ತಂತಿ ತುಕ್ಕು ಹಿಡಿದಿತ್ತು ಎಂದು ಅವರು ಹೇಳಿದರು. ಲಿಫ್ಟಿನ ಹಗ್ಗ ಬಿಗಿದ ಹಾಗೆ ಬಿಗಿದರೆ ಇನ್ನೇನಾಗುತ್ತದೆ ಎಂದು ನಾನು ಹೇಳಿದೆ. ಲಿಫ್ಟಿಗೆ ಇರುವುದು ಹಗ್ಗವಲ್ಲ, ಉಕ್ಕಿನ ಕೇಬಲ್ಲು ಎಂದು ಅವರು ಹೇಳಿದರು. ಅಲ್ಲಿಗೆ ಮಾತು ನಿಂತಿತು. ಅಂದಿನಿಂದ ನಮ್ಮಿಬ್ಬರ ನಡುವೆ ನಡೆದ ಒಟ್ಟು ಸಂಭಾಷಣೆಯೆಂದರೆ "ಊಟ ಆಯ್ತಾ?" ಮತ್ತು "ಆಯ್ತು."

ಇದರಿಂದ ನಾವಿಬ್ಬರೇನೋ ಹಾಯಾಗಿದ್ದೆವು, ಬೇಯುತ್ತಿದ್ದವರು ಅಕ್ಕ ತಂಗಿಯರು. ಒಬ್ಬಳು ತಾಯಿಯ ಮನೆಗೆ ಹೋಗುವ ದಿನ ಇನ್ನೊಬ್ಬಳು ಹೋಗದಂತೆ ಆಸ್ಪತ್ರೆಯ ದಾದಿಯರ ಪಾಳಿಯಂತೆ ಪಟ್ಟಿ ಹಾಕಿಕೊಂಡಿದ್ದರು. ನಮ್ಮ ಅತ್ತೆಯವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದು ನಿವೃತ್ತರಾದವರು. ಕಿವಿಗೆ ತಗಲಿಸಿಕೊಂಡ ಹೆಡ್‌ಫೋನು ತೆಗೆದಿಟ್ಟು ಹನ್ನೆರಡು ವರ್ಷವಾದರೂ ಅವರ ಮಾತಿನಲ್ಲಿ ಈಗಲೂ ಟ್ರಂಕ್ ಕರೆಯ ಮೂರು ನಿಮಿಷದ ಲೆಕ್ಕವಿದೆ. ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಎರಡು ತಿಂಗಳಿರುವಾಗ ಅವರು ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಒಂದು ತೀರ್ಪು ಕೊಟ್ಟರು. "ಊರವರ ಲೈನೆಲ್ಲ ಸೇರಿಸಿದೋಳು ನಾನು. ನನ್ನ ಮನೇಲಿ ಎರಡು ಲೈನ್ ಸೇರ್ತಿಲ್ಲ. ನಂಗೆ ಬಟ್ಟೆ ಬೇಡ, ಗಡಿಯಾರ ಬೇಡ. ಅಳಿಯಂದ್ರಿಬ್ರೂ ಅಕ್ಕಪಕ್ಕ ಕೂತು ಒಂದು ಹಾಡು ನುಡಿಸ್ಲಿ. ಆಗಲ್ಲ ಅಂದ್ರೆ ಬಿಡ್ಲಿ, ಮುಂದಿನ ವರ್ಷದಿಂದ ನಂಗೆ ಎರಡು ಹುಟ್ಟುಹಬ್ಬ. ಬೆಳಿಗ್ಗೆ ದೊಡ್ಡೋಳ ಮನೆಯೋರು, ಸಂಜೆ ಚಿಕ್ಕೋಳ ಮನೆಯೋರು." ಈ ಮಾತು ಹೇಳುವಾಗ ಅವರು ಸಿಟ್ಟಾಗಿರಲಿಲ್ಲವಂತೆ. ಅದೇ ಹೆದರಿಕೆಯ ವಿಷಯ ಎಂದು ನನ್ನ ಹೆಂಡತಿ ಮನೆಗೆ ಬಂದು ಅತ್ತಳು. ಮೂರು ವರ್ಷದಲ್ಲಿ ಆ ತಂತಿಯ ಬಗ್ಗೆ ನನಗೆ ನಾಚಿಕೆಯಾದದ್ದು ಅಂದೇ ಮೊದಲು.

ಮರುದಿನ ಅಕ್ಕ ತಂಗಿಯರು ಒಟ್ಟಿಗೆ ಅಂಗಡಿಗೆ ಹೋಗಿ ಮನೆಗೊಂದರಂತೆ ತಮ್ಮ ಪುಸ್ತಕದ ಎರಡು ಪ್ರತಿಗಳನ್ನು ತಂದರು. ಹೀಗೆ ತಾವು ನಮ್ಮ ಸಂಸಾರವನ್ನು ಪ್ರವೇಶಿಸಿದಿರಿ.

ಮಾನ್ಯರೇ, ತಮ್ಮ ಪುಸ್ತಕದ ಗುಣಗಾನಕ್ಕೆ ನನ್ನ ಬಳಿ ಪದಗಳಿಲ್ಲ, ಇದ್ದವನ್ನು ಹೆಂಡತಿ ಈ ಪತ್ರದ ಕರಡಿನಲ್ಲೇ ಹೊಡೆದು ಹಾಕಿದ್ದಾಳೆ. ಕಾಗದ ಚೆನ್ನಾಗಿದೆ. ಹೊಲಿಗೆ ಗಟ್ಟಿಯಾಗಿದೆ. ಮುನ್ನುಡಿಯ ಎರಡನೇ ಪುಟದಲ್ಲಿ ತಾವು ಬರೆದಿರುವ ಒಂದು ವಾಕ್ಯವಂತೂ ಉರಿಯುವ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ತಮಗಿರುವ ಹತೋಟಿಯನ್ನು ತೋರಿಸುತ್ತದೆ: 'ಇಬ್ಬರಲ್ಲಿ ಹೆಚ್ಚು ನುರಿತವರು ಮೊದಲ ಗಿಟಾರನ್ನೂ, ಇನ್ನೊಬ್ಬರು ಎರಡನೇ ಗಿಟಾರನ್ನೂ ನುಡಿಸತಕ್ಕದ್ದು.' ನುರಿತವರು ಎಂಬುದರ ಎದುರಿಗೆ ತಮಗೆ ಎಂತೆಂಥ ಪದಗಳು ಸಿಗಬಹುದಿತ್ತು! ತಾವು ಬರೆದದ್ದು 'ಇನ್ನೊಬ್ಬರು.' ಮೂರು ವರ್ಷ ಮಾತುಬಿಟ್ಟ ಇಬ್ಬರು ಷಡ್ಡಕರು ತಂತಮ್ಮ ಮನೆಯಲ್ಲಿ ಕೂತು ಒಂದೇ ದಿನ ಈ ವಾಕ್ಯವನ್ನು ಓದಿದರು. ನಾನು ನಾಲ್ಕು ತಿಂಗಳು ಗುರುಗಳ ಬಳಿ ಕಲಿತವನು. ಅವರು ಗುರುಗಳಿಲ್ಲದೆ ಕಲಿತು ಹಾಸ್ಟೆಲಿನ ವೇದಿಕೆಯಲ್ಲಿ ಎರಡು ಸಲ ನುಡಿಸಿದವರು. ಯಾರು ನುರಿತವರು, ಯಾರು ಇನ್ನೊಬ್ಬರು? ಈ ವಿಷಯದಲ್ಲಿ ತಾವು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೊರಟುಹೋಗಿದ್ದೀರಿ.

ಅದರ ಮುಂದಿನ ಸಾಲಿನಲ್ಲಿ 'ನುಡಿಸುವಾಗ ಇಬ್ಬರೂ ಆಗಾಗ ಪರಸ್ಪರರ ಮುಖವನ್ನು ನೋಡಬೇಕು' ಎಂದಿದ್ದೀರಿ. ಇದನ್ನು ನಾವು ಆ ಕ್ಷಣಕ್ಕೆ ಹಾಸ್ಯವೆಂದು ಭಾವಿಸಿ ಬಿಟ್ಟುಬಿಟ್ಟೆವು.

ಇನ್ನು ಹಾಡುಗಳು. ನೂರೊಂದು ಹಾಡಿನಲ್ಲಿ ಇಬ್ಬರಿಗೂ ಒಪ್ಪುವ ಒಂದನ್ನು ಹುಡುಕುವುದಕ್ಕೆ ನಮಗೆ ಐದು ವಾರ ಹಿಡಿಯಿತು. ನಾವು ಮಾತಾಡುವುದಿಲ್ಲವಾದ್ದರಿಂದ ಹಾಡಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಹೆಂಡತಿಯರ ಕೈಯಲ್ಲಿ ಕಳಿಸುತ್ತಿದ್ದೆವು, ಬೇಡವಾದರೆ ಕಾರಣ ಬರೆದು ವಾಪಸು ಬರುತ್ತಿತ್ತು. ತಾವು 'ಅತಿ ಸುಲಭ' ಎಂದು ನಕ್ಷತ್ರ ಹಾಕಿರುವ ಹನ್ನೆರಡನೆಯದನ್ನು ನಾನು ಕಳಿಸಿದೆ. ಭಾವ ಅದರ ಕೆಳಗೆ 'ಆರನೇ ಬೆರಳು ಬೆಳೆದ ಮೇಲೆ ನೋಡೋಣ' ಎಂದು ಬರೆದು ತಿರುಗಿಸಿದರು, ಅದರಲ್ಲಿ ಅವರ ತಪ್ಪೇನೂ ಇಲ್ಲ. ಅವರು ಇಪ್ಪತ್ತೇಳನೆಯದನ್ನು ಕಳಿಸಿದರು. ತೆರೆದು ನೋಡಿದರೆ ಅದರಲ್ಲಿ ಎರಡನೇ ಗಿಟಾರಿನವನು ಒಂದು ಸ್ವರವನ್ನೂ ನುಡಿಸದೆ ಗಿಟಾರಿನ ಹೊಟ್ಟೆಯ ಮೇಲೆ ಬೆರಳಿನಿಂದ ತಟ್ಟುತ್ತಾ ಕೂರಬೇಕು. 'ನಾನು ಬಡಗಿಯಲ್ಲ' ಎಂದು ಬರೆದೆ. ನಲವತ್ತನೆಯದರಲ್ಲಿ ಮೊದಲ ಗಿಟಾರ್ ಅರ್ಧ ಪುಟ ಮೆರೆಯುವಾಗ ಎರಡನೆಯದರ ಸಾಲಿನಲ್ಲಿ ತಾವು 'ಇಲ್ಲಿ ಕಾಯುವುದು' ಎಂದಷ್ಟೇ ಮುದ್ರಿಸಿದ್ದೀರಿ. ಪರೀಕ್ಷೆಗೆಂದು ನಾನು ಮನೆಯಲ್ಲಿ ಕಾದು ನೋಡಿದೆ; ಆ ಬಿಡುವಿನಲ್ಲಿ ಅಡುಗೆಮನೆಗೆ ಹೋಗಿ ಟೀ ಸೋಸಿಕೊಂಡು ಬಂದು ಕೂತರೂ ಇನ್ನೂ ಎರಡು ಎಣಿಕೆ ಮಿಕ್ಕಿತ್ತು. ಇಂಥ ಉದಾರತೆಯನ್ನು ನಾನು ಬೇರಾವ ಪುಸ್ತಕದಲ್ಲೂ ಕಂಡಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಾವು ಹೇಳಬಹುದು. ಒಪ್ಪುತ್ತೇನೆ. ಆದರೆ ನೂರೊಂದು ಕಡೆಯೂ ಡೊಂಕಾದ ನೆಲವನ್ನು ಹಾಸಿದವರಿಗೂ ಒಂದು ಮಾತು ಸಲ್ಲಬೇಕಲ್ಲವೇ? ಕೊನೆಗೆ ಹೆಂಡತಿಯರೇ ಬೇಸತ್ತರು. "ಇಬ್ರಿಗೂ ಬಾಯಿ ಇದೆ, ಚೀಟಿ ಬರೀತಾರೆ. ಮುಂದಿನ ಭಾನುವಾರ ಕೊನೇದು, ಆಮೇಲೆ ನಾವು ಹೊರಲ್ಲ" ಎಂದರು. ಆ ಭಾನುವಾರ ಎರಡು ಚೀಟಿಗಳು ದಾರಿಯಲ್ಲಿ ಎದುರುಬದುರಾದವು. ಎರಡರಲ್ಲೂ ಅರವತ್ತೆಂಟು ಎಂದೇ ಬರೆದಿತ್ತು.

ಅರವತ್ತೆಂಟು ಒಂದು ದೋಣಿಯ ಹಾಡು. ಮೊದಲ ಗಿಟಾರಿಗೆ ತಾವು ಇನ್ನೂರ ಹನ್ನೆರಡು ಸ್ವರಗಳನ್ನು ಕೊಟ್ಟಿದ್ದೀರಿ, ಒಂದಕ್ಕಿಂತ ಒಂದು ಸಿಹಿ. ಎರಡನೇ ಗಿಟಾರಿಗೆ ಹದಿನಾರೇ ಸ್ವರ, ಅದನ್ನೇ ಮೊದಲಿನಿಂದ ಕೊನೆಯವರೆಗೆ ಸುತ್ತಿಸುತ್ತಾ ಇರಬೇಕು. ಸಾಲದೆಂಬಂತೆ, ಮೊದಲ ಗಿಟಾರಿನ ಸಾಲನ್ನು ದಪ್ಪಕ್ಷರದಲ್ಲೂ ಅದರ ಕೆಳಗೆ ಎರಡನೆಯದರ ಸಾಲನ್ನು ಔಷಧಿ ಬಾಟಲಿಯ ಎಚ್ಚರಿಕೆಯಷ್ಟು ಸಣ್ಣಕ್ಷರದಲ್ಲೂ ಮುದ್ರಿಸಿದ್ದೀರಿ. ಹಾಡು ಸಿಕ್ಕಿತು, ಆದರೆ ಯಾರು ಯಾವ ಸಾಲು ಎಂಬುದು ಚೀಟಿಯಲ್ಲಿರಲಿಲ್ಲ. ಅದನ್ನು ಕೇಳಿ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೇಳಿದರೆ ಮತ್ತೆ ನುರಿತವರು, ಇನ್ನೊಬ್ಬರು ಎಂಬ ಚರ್ಚೆ ಏಳುತ್ತದೆ, ಹುಟ್ಟುಹಬ್ಬ ಎರಡಾಗುತ್ತದೆ. ಇಬ್ಬರೂ ಸುಮ್ಮನಾದೆವು. ಒಟ್ಟಿಗೆ ಕೂತು ಒಂದು ಸಲ ಅಭ್ಯಾಸ ಮಾಡೋಣವೆಂದೂ ಯಾರೂ ಹೇಳಲಿಲ್ಲ. ನಾನು ಮನಸ್ಸಿನಲ್ಲೇ ಮೊದಲ ಗಿಟಾರನ್ನು ನನ್ನದೆಂದು ಮಾಡಿಕೊಂಡು, ಭಾವ ತಾವಾಗಿ ಬಿಟ್ಟುಕೊಡುವ ದಿನವನ್ನು ಕಾಯುತ್ತಿದ್ದೆ.

ಹುಟ್ಟುಹಬ್ಬಕ್ಕೆ ಮೂರು ವಾರವಿರುವಾಗ, ಒಂದು ಮಧ್ಯಾಹ್ನ, ಭಾವ ನನ್ನ ಅಂಗಡಿಗೆ ಬಂದರು. ಅವರ ಮನೆಯಿಂದ ನನ್ನ ಅಂಗಡಿಯ ತನಕ ಇನ್ನೂ ಮೂರು ಕನ್ನಡಕದ ಅಂಗಡಿಗಳಿವೆ, ಮೂರನ್ನೂ ದಾಟಿ ಬಂದಿದ್ದರು. "ಕಣ್ಣು ನೋಡಿ" ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕೂತರು. ನಾನು ಎಲ್ಲರಿಗೂ ಮಾಡುವಂತೆ ಗಾಜುಗಳನ್ನು ಬದಲಾಯಿಸುತ್ತಾ, "ಮೊದಲನೇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಎರಡನೇದ್ರಲ್ಲಾ?" ಎಂದು ಕೇಳಿದೆ. ಅವರು "ಎರಡನೇದು" ಎಂದರು. ಆಮೇಲೆ ಸ್ಪ್ಯಾನರುಗಳ ಚೀಲದಿಂದ ತಮ್ಮ ಪುಸ್ತಕವನ್ನು ತೆಗೆದು, ಅರವತ್ತೆಂಟನೇ ಹಾಡನ್ನು ಮೂಗಿನ ಹತ್ತಿರ ಹಿಡಿದು, ಕೆಳಗಿನ ಸಾಲಿನ ಮೇಲೆ ಬೆರಳಾಡಿಸಿ, "ಈ ಸಣ್ಣದು ಕಾಣ್ಬೇಕು ನಂಗೆ, ಅಷ್ಟೇ" ಎಂದರು. ಆ ಬೆರಳಿಗೆ ಬ್ಯಾಂಡೇಜ್ ಸುತ್ತಿತ್ತು, ಉಗುರಿನ ಸಂದಿಯಲ್ಲಿ ಗ್ರೀಸು. ದಿನವಿಡೀ ಕೇಬಲ್ಲು ಎಳೆದ ಕೈಯಲ್ಲಿ ಸಂಜೆ ಗಿಟಾರ್ ಹಿಡಿಯುವ ಮನುಷ್ಯ, ಪುಸ್ತಕ ಓದಲಾಗದೆ ಒದ್ದಾಡುತ್ತಾ, ಜಗಳವಾಡಿದ ಷಡ್ಡಕನ ಎದುರಿಗೆ ಗಲ್ಲ ಎತ್ತಿಕೊಂಡು ಕೂತಿದ್ದಾರೆ. ಅಲ್ಲೇ, ಗಾಜು ಒರೆಸುತ್ತಲೇ ತೀರ್ಮಾನಿಸಿದೆ: ಮೊದಲ ಗಿಟಾರ್ ಇವರಿಗೇ ಇರಲಿ, ಇನ್ನೊಬ್ಬನು ನಾನಾಗುತ್ತೇನೆ. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಉಪಕಾರ ಮಾಡಿದಂತಾಗುತ್ತದೆ, ಉಪಕಾರವೆಂದರೆ ಅವರಿಗೆ ಆಗದು.

ಅಂದಿನಿಂದ ನಾನು ತಮ್ಮ ಹದಿನಾರು ಸ್ವರಗಳನ್ನು ಸುತ್ತಿಸತೊಡಗಿದೆ. ನಾಲ್ಕನೇ ದಿನ ಹೆಂಡತಿ ಸೌಟು ಹಿಡಿದುಕೊಂಡೇ ಬಂದು, "ಇದ್ರಲ್ಲಿ ಹಾಡೆಲ್ಲಿದೆ?" ಎಂದು ಕೇಳಿದಳು. "ಹಾಡು ಭಾವನ ಹತ್ರ ಇದೆ" ಎಂದೆ. ಅವಳ ಮುಖ ಅರಳಿತು. ಮೂರು ವರ್ಷದ ಬಳಿಕ ನನ್ನ ಬಾಯಲ್ಲಿ ಭಾವ ಎಂಬ ಮಾತು ಬಂದಿತ್ತು.

ಆ ದಿನ ಬಂತು. ಅತ್ತೆಯವರ ಮನೆಯ ಹಜಾರದಲ್ಲಿ ಸುಮಾರು ಇಪ್ಪತ್ತೈದು ಜನ. ಅತ್ತೆಯ ಜೊತೆ ಎಕ್ಸ್‌ಚೇಂಜಿನಲ್ಲಿದ್ದ ಮೂವರು ಹಳೆಯ ಗೆಳತಿಯರೂ ಬಂದು ಸೋಫಾ ಹಿಡಿದಿದ್ದರು. ಕೇಕಿನ ಪಕ್ಕದಲ್ಲಿ ಕೈಯಿಲ್ಲದ ಎರಡು ಊಟದ ಕುರ್ಚಿಗಳನ್ನು ಇಟ್ಟಿದ್ದರು. ನಾವು ಕೂತೆವು. ಭಾವ ನಾನು ಮಾಡಿಕೊಟ್ಟ ಹೊಸ ಕನ್ನಡಕ ಏರಿಸಿದರು. ತಮ್ಮ ಪುಸ್ತಕದ ಅಪ್ಪಣೆಯಂತೆ ಇಬ್ಬರೂ ನಾಲ್ಕು ಎಣಿಸಿ ಶುರು ಮಾಡಿದೆವು. ತಮಗೆ ನೆನಪಿರಬಹುದು, ಅರವತ್ತೆಂಟರಲ್ಲಿ ಮೊದಲ ಸುತ್ತು ಎರಡನೇ ಗಿಟಾರಿಗೆ ಮಾತ್ರ. ಆದರೆ ನನ್ನ ಜೊತೆಗೆ ಭಾವನೂ ಅದೇ ಹದಿನಾರು ಸ್ವರಗಳನ್ನು ನುಡಿಸಿದರು. ಪಾಪ, ನನಗೆ ಧೈರ್ಯ ಬರಲೆಂದು ಕೈಜೋಡಿಸುತ್ತಿದ್ದಾರೆ ಎಂದುಕೊಂಡೆ. ಎರಡನೇ ಸುತ್ತಿಗೆ ರಾಗ ಏಳಬೇಕು. ಏಳಲಿಲ್ಲ. ನಾನು ತಲೆಯೆತ್ತಿ ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡುತ್ತಿದ್ದರು. 'ಹೂಂ, ಶುರು ಮಾಡಿ' ಎಂದು ಇಬ್ಬರೂ ಹುಬ್ಬು ಹಾರಿಸಿದೆವು.

ಮಾನ್ಯರೇ, ಸಣ್ಣಕ್ಷರದ ಸಾಲು ಎರಡನೇ ಗಿಟಾರಿನದು. ಅದು ಕಾಣಬೇಕೆಂದೇ ಅವರು ಕನ್ನಡಕ ಮಾಡಿಸಿಕೊಂಡದ್ದು. ಊರಿಗೆಲ್ಲ ಕಣ್ಣು ಕೊಡುವ ನನಗೆ, ನನ್ನದೇ ಅಂಗಡಿಯಲ್ಲಿ, ನನ್ನದೇ ಕುರ್ಚಿಯಲ್ಲಿ ಕೂತ ಮನುಷ್ಯ ಬೆರಳಿಟ್ಟು ತೋರಿಸಿದರೂ ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ನಿಲ್ಲಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮೂರನೇ ಸುತ್ತು, ನಾಲ್ಕನೇ ಸುತ್ತು, ಐದನೆಯದು. ಭಾವನ ಮಗಳು, ಆರು ವರ್ಷದವಳು, "ಹಾಡು ಯಾವಾಗ ಬರುತ್ತೆ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಅಕ್ಕ ತಂಗಿಯರು ಒಬ್ಬರನ್ನೊಬ್ಬರು ನೋಡಿಕೊಂಡ ನೋಟದಲ್ಲಿ, ಆ ಮನೆಯಲ್ಲೂ 'ಹಾಡು ಅವರ ಹತ್ರ ಇದೆ' ಎಂಬ ನನ್ನ ಮನೆಯ ಉತ್ತರವೇ ಸಿಕ್ಕಿತ್ತೆಂದು ಗೊತ್ತಾಯಿತು. ಇನ್ನೇನು, ಬೆಳಿಗ್ಗೆ ಒಂದು ಹುಟ್ಟುಹಬ್ಬ, ಸಂಜೆ ಒಂದು ಎಂದು ನಾನು ಲೆಕ್ಕ ಹಾಕುತ್ತಿರುವಾಗ ಅತ್ತೆ ಹಾಡತೊಡಗಿದರು. ಅವರು ಹಾಡುತ್ತಾರೆಂದು ಅವರ ಮಕ್ಕಳಿಗೇ ಗೊತ್ತಿರಲಿಲ್ಲ. ದೋಣಿಯ ಹಾಡಲ್ಲ, ಮಾತೇ ಇಲ್ಲದ ಯಾವುದೋ ಗುನುಗು, ನಮ್ಮ ಹದಿನಾರು ಸ್ವರದ ಮೇಲೆ ಸಲೀಸಾಗಿ ಕೂತು ಏರುತ್ತಾ ಇಳಿಯುತ್ತಾ ಹೊರಟಿತು. ಎರಡನೇ ಏರಿಗೆ ಸೋಫಾದ ಮೂವರು ಗೆಳತಿಯರೂ ಸೇರಿದರು. ಲೈನೆಲ್ಲ ತುಂಬಿ ಯಾರ ಕರೆಯನ್ನೂ ಸೇರಿಸಲಾಗದ ಹೊತ್ತಿನಲ್ಲಿ ಆಪರೇಟರ್ ಹೆಂಗಸರು ಬೋರ್ಡಿನ ಮುಂದೆ ಕೂತು ಗುನುಗುತ್ತಿದ್ದದ್ದಂತೆ ಅದು. ಅವರು ನಿಧಾನಿಸಿದರೆ ನಾವು ನಿಧಾನಿಸಿದೆವು, ಅವರು ಉಸಿರು ತೆಗೆದುಕೊಂಡರೆ ಕಾದೆವು. ಇಬ್ಬರ ಕೈಯೂ ಒಂದೇ ಹೊತ್ತಿಗೆ ಏಳುತ್ತಿತ್ತು, ಬೀಳುತ್ತಿತ್ತು. ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ, ಮೂರು ನಿಮಿಷಕ್ಕಂತೂ ನಿಲ್ಲಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಸಂತೋಷದಿಂದ ಗಿಟಾರ್ ನುಡಿಸಿದ್ದು ಅದೊಂದೇ ಸಲ. ಕಣ್ಣು ಒದ್ದೆಯಾಯಿತು, ಕಣ್ಣಿಗೇನೋ ಬಿತ್ತು ಎಂದೆ, ಕನ್ನಡಕದವನ ಆ ಮಾತನ್ನು ಯಾರೂ ನಂಬಲಿಲ್ಲ.

ಮುಗಿದ ಮೇಲೆ ಭಾವ ಕೇಕಿನ ತಟ್ಟೆ ಹಿಡಿದು ನನ್ನ ಪಕ್ಕ ಬಂದು ನಿಂತು, "ನೀವು ಮೊದಲನೇದು ಬಿಡಲ್ಲ ಅಂದ್ಕೊಂಡೆ. ಅದಕ್ಕೇ ಎರಡನೇದು ಕಲ್ತೆ" ಎಂದರು. ನಾನೂ ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಕೇಕು ತಿಂದೆವು. ಆಮೇಲೆ ಅವರು, "ಆದ್ರೂ ಆ ತಂತಿ ತುಕ್ಕು ಹಿಡಿದಿತ್ತು" ಎಂದರು. "ಹಿಡಿದಿರಲಿಲ್ಲ" ಎಂದೆ. ಆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ, ಆಗುವ ಅವಸರವೂ ಇಬ್ಬರಿಗಿಲ್ಲ.

ಹಾಗಾದರೆ ಈ ದೂರು ಏಕೆ ಎಂದು ತಾವು ಕೇಳಬಹುದು. ದೂರು ಶುರುವಾಗುವುದೇ ಇಲ್ಲಿ. ಈಗ ಪ್ರತಿ ಭಾನುವಾರ ನಾಲ್ಕು ಗಂಟೆಗೆ ನಾವಿಬ್ಬರೂ ಅತ್ತೆಯ ಹಜಾರದಲ್ಲಿ ತಮ್ಮ ಪುಸ್ತಕ ತೆರೆದು ಕೂರುತ್ತೇವೆ. "ಮೊದಲನೇದು ನೀವು ತಗೊಳ್ಳಿ" ಎಂದು ನಾನು, "ಛೆ ಛೆ, ನೀವು ಕಲಿತೋರು, ನೀವೇ ತಗೊಳ್ಳಿ" ಎಂದು ಅವರು. ಮೊನ್ನೆ ಈ ಬಗ್ಗೆ ಸಣ್ಣ ಜಗಳವೇ ಆಯಿತು. ಕಡೆಗೆ ಇಬ್ಬರೂ ಎರಡನೆಯದನ್ನೇ ನುಡಿಸುತ್ತೇವೆ. ಕೆಳಗಿನ ಮನೆಯವರು ಎರಡು ಸಲ ಮೇಲೆ ಬಂದು, ನೀರಿನ ಮೋಟಾರು ಆರಿಸಲು ಮರೆತಿದ್ದೀರಾ ಎಂದು ಕೇಳಿ ಹೋದರು. ಅತ್ತೆಯವರು ರಾಗದ ಸಾಲು ತಮ್ಮದೆಂದು ಘೋಷಿಸಿದ್ದಾರೆ, ಆದರೆ ಪುಸ್ತಕದಲ್ಲಿ ತಾವು ಬರೆದದ್ದನ್ನು ಅವರು ಒಂದು ದಿನವೂ ಹಾಡಿಲ್ಲ. ಎರಡು ಪ್ರತಿಗಳಲ್ಲೂ ದಪ್ಪಕ್ಷರದ ಸಾಲುಗಳು ಯಾರಿಗೂ ಬೇಡವಾಗಿ ಬಿದ್ದಿವೆ.

ಆದ್ದರಿಂದ ಮುಂದಿನ ಮುದ್ರಣದಲ್ಲಿ ತಾವು ದಯಮಾಡಿ ನೂರೊಂದು ಹಾಡಿನಲ್ಲೂ ಇಬ್ಬರಿಗೂ ಎರಡನೇ ಗಿಟಾರನ್ನೇ ಕೊಡಬೇಕು, ಅದೂ ಕನ್ನಡಕ ಬೇಡದಷ್ಟು ದೊಡ್ಡಕ್ಷರದಲ್ಲಿ. ಮೇಲಿನ ಸಾಲನ್ನು ಖಾಲಿ ಬಿಟ್ಟು, ಕೋಣೆಯಲ್ಲಿರುವ ಯಾರಾದರೂ ಹಾಡಿಕೊಳ್ಳಬಹುದೆಂದು ಸೂಚಿಸಬೇಕು. ಹಾಡು ಎಲ್ಲಿ ಮುಗಿಯುತ್ತದೆ ಎಂಬುದನ್ನು ಅತ್ತೆಯವರ ಉಸಿರನ್ನು ಅಳೆದು ಗೊತ್ತುಮಾಡಬೇಕು. ಮತ್ತು ಈಗಾಗಲೇ ಮಾರಿದ ಪ್ರತಿಗಳನ್ನೆಲ್ಲ ಮನೆಮನೆಗೆ ಹೋಗಿ ಪಡೆದು, ಮುನ್ನುಡಿಯ ಆ ವಾಕ್ಯದಲ್ಲಿ 'ಹೆಚ್ಚು ನುರಿತವರು' ಎಂಬುದನ್ನು ಸ್ವಹಸ್ತದಿಂದ ಹೊಡೆದುಹಾಕಿ ಅಲ್ಲೂ 'ಇನ್ನೊಬ್ಬರು' ಎಂದು ಬರೆಯಬೇಕು. ಈ ಕೆಲಸ ಮುಗಿದ ಮೇಲೆ ತಾವು ಒಂದು ಭಾನುವಾರ ನಮ್ಮಲ್ಲಿಗೆ ಬರಬೇಕೆಂದು ಪ್ರಾರ್ಥನೆ. ಗಿಟಾರ್ ತರುವ ಶ್ರಮ ಬೇಡ, ನುರಿತವರಿಗೆ ನಮ್ಮಲ್ಲಿ ಜಾಗವಿಲ್ಲ. ಕೇಳುತ್ತಾ ಕೂರಲು ಕುರ್ಚಿ ಇದೆ.

ಇಂತಿ, ತಮ್ಮ ಹದಿನಾರು ಸ್ವರಗಳಿಗೆ ಚಿರಋಣಿಯಾದ,
ತಮ್ಮ ವಿಶ್ವಾಸಿ,
ಇನ್ನೊಬ್ಬ

ಮರೆತ ಮಾತು: ತಮ್ಮ ಪುಸ್ತಕದ ಹಿಂಬದಿಯಲ್ಲಿ ಗಿಟಾರ್ ಹಿಡಿದು ನಗುತ್ತಿರುವ ತಮ್ಮ ಭಾವಚಿತ್ರವಿದೆ, ತಾವೊಬ್ಬರೇ ಇದ್ದೀರಿ. ಮೊನ್ನೆ ಭಾವ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾ, ಚಿತ್ರದ ಎಡ ಅಂಚಿನಲ್ಲಿ ಕತ್ತರಿಸಿ ಉಳಿದ ಒಂದು ಮೊಣಕೈಯನ್ನೂ ಇನ್ನೊಂದು ಗಿಟಾರಿನ ತುದಿಯನ್ನೂ ನನಗೆ ತೋರಿಸಿದರು. ಆ ಮೊಣಕೈಯವರು ಯಾರೆಂದು ನಾವು ಕೇಳುವುದಿಲ್ಲ. ಅವರ ವಿಳಾಸ ತಮ್ಮಲ್ಲಿ ಈಗಲೂ ಇದ್ದರೆ ಒಂದು ಚೀಟಿ ಬರೆದು ನೋಡಿ. ಒಯ್ದು ಕೊಡಲು ನಮ್ಮ ಮನೆಯ ಅಕ್ಕ ತಂಗಿಯರು ಸಿದ್ಧರಿದ್ದಾರೆ.